ಜರ್ಮನಿಯ ಮೊದಲ ವರ್ಷ ನಿಮ್ಮನ್ನು ಎಲ್ಲೆಲ್ಲಿ ಬದಲಾಯಿಸುತ್ತದೆ

ಎಂ.ಎಸ್. ಓದಲು ಜರ್ಮನಿಗೆ ಹೊರಟವರಿಗೆ ವೀಸಾ, ಪದವಿ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್, ಟಿಕೆಟ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಲ್ಲಿ ಇಳಿದ ಮೇಲೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಹೊರಗೆ ಹೋದರೆ ಪ್ರಪಂಚ ಗೊತ್ತಾಗುತ್ತೆ." ಹೋದಮಾತ್ರಕ್ಕೆ ಗೊತ್ತಾಗುವುದಿಲ್ಲ. ಎರಡು ವರ್ಷ ಇದ್ದು, ಡಿಗ್ರಿ ಹಿಡಿದು, ಹೋದ ಹಾಗೆಯೇ ತಿರುಗಿ ಬಂದವರೂ ಇದ್ದಾರೆ. ಊರಿನಲ್ಲಿ ಬೇರೆಯವರು ಮಾಡಿಕೊಡುತ್ತಿದ್ದ ಕೆಲಸ, ಆಡುತ್ತಿದ್ದ ಮಾತು ನಮ್ಮ ಪಾಲಿಗೆ ಬಂದಾಗಲೇ ನಾವು ಬೆಳೆಯುವುದು. ಜರ್ಮನಿಯ ದಿನನಿತ್ಯದ ವ್ಯವಸ್ಥೆ ಅದನ್ನು ತಾನಾಗಿಯೇ ಮಾಡಿಸುತ್ತದೆ, ನಾವು ತಪ್ಪಿಸಿಕೊಳ್ಳದೇ ಇದ್ದರೆ.

ಮೊದಲು ದುಡ್ಡು. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಅಂದರೆ ಕೈಗೆ ಸಿಗುವುದು ತಿಂಗಳಿಗೆ 992 ಯೂರೋ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲ ಅದರಲ್ಲೇ ಆಗಬೇಕು.

ಆಮೇಲೆ ಮನೆ. ಅಲ್ಲಿನ ವಿದ್ಯಾರ್ಥಿಗಳು ಹೆಚ್ಚಾಗಿ 'ವೇಗೇ'ಯಲ್ಲಿ ಇರುತ್ತಾರೆ: ಒಬ್ಬೊಬ್ಬರಿಗೆ ಒಂದು ಕೋಣೆ, ಅಡುಗೆಮನೆ ಬಚ್ಚಲು ಎಲ್ಲರಿಗೂ ಸೇರಿ. ಅಲ್ಲಿ ಇರುವವರು ಹೊಸಬರನ್ನು ಕರೆದು ಮಾತಾಡಿಸಿ, ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ. ಅಡುಗೆಮನೆಯ ಗೋಡೆಯ ಮೇಲೆ ಶುಚಿತ್ವದ ಸರದಿ ಪಟ್ಟಿ ಇರುತ್ತದೆ. ಕಾಗದಕ್ಕೆ, ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ, ತರಕಾರಿ ಸಿಪ್ಪೆಗೆ, ಉಳಿದದ್ದಕ್ಕೆ ಬೇರೆ ಬೇರೆ ಬುಟ್ಟಿ. ಗಾಜಿನ ಸೀಸೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ಬೀದಿಯ ತೊಟ್ಟಿಗೆ ಒಯ್ಯಬೇಕು, ಅದೂ ಭಾನುವಾರ ಬೇಡ, ಸದ್ದಾಗುತ್ತದೆ. ಮನೆಯಲ್ಲಿ ಉಂಡ ತಟ್ಟೆ ಎತ್ತಿಡದ ಹುಡುಗನಿಗೆ ಇದು ಸಣ್ಣ ಬದಲಾವಣೆಯಲ್ಲ.

ಅದಕ್ಕಿಂತ ಕಷ್ಟದ್ದು ಮಾತು. ನೀವು ಸಾಂಬಾರಿಗೆ ಒಗ್ಗರಣೆ ಹಾಕಿದ್ದೀರಿ, ಒಲೆಯ ಸುತ್ತ ಅರಿಶಿನದ ಕಲೆ ಉಳಿದಿದೆ. ಪಕ್ಕದ ಕೋಣೆಯ ಹುಡುಗಿ ಬಂದು, "ಅಡುಗೆ ಮಾಡುವಾಗ ಕಿಟಕಿ ತೆಗೆದಿಡು, ಕಲೆ ಈಗಲೇ ಒರೆಸು, ಆಮೇಲೆ ಹೋಗುವುದಿಲ್ಲ" ಎಂದು ಹೇಳಿ, ಅಲ್ಲೇ ಕೂತು ಕಾಫಿ ಕುಡಿಯುತ್ತಾಳೆ. ನಮಗೆ ಮುಖಕ್ಕೆ ಹೊಡೆದ ಹಾಗಾಗುತ್ತದೆ. ಅವಳಿಗೆ ಅದು ಜಗಳವೇ ಅಲ್ಲ, ಹೇಳಿದ ಕೂಡಲೇ ಮುಗಿದ ವಿಷಯ. ರಾತ್ರಿ ಅವಳ ಸ್ನೇಹಿತರ ಗದ್ದಲದಿಂದ ನಿಮಗೆ ನಿದ್ದೆ ಬಾರದಿದ್ದರೆ ನೀವೂ ಬಾಗಿಲು ತಟ್ಟಿ ಹಾಗೆಯೇ ಹೇಳಬಹುದು. ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುವ ಬದಲು ಹೀಗೆ ಒಮ್ಮೆ ಹೇಳಿ ನೋಡಿದವರಿಗೆ ಆಮೇಲೆ ಎಲ್ಲಿ ಹೋದರೂ ಆ ಧೈರ್ಯ ಉಳಿಯುತ್ತದೆ.

ತರಗತಿಯಲ್ಲಿ ಹಾಜರಿ ಕೇಳುವವರು ಕಡಿಮೆ. ಬಹಳಷ್ಟು ವಿಷಯಗಳಿಗೆ ಸೆಮಿಸ್ಟರಿನ ಕೊನೆಯಲ್ಲಿ ಒಂದೇ ಪರೀಕ್ಷೆ. 1.0 ಅತ್ಯುತ್ತಮ, 4.0 ತನಕ ಪಾಸು. ಸಾಮಾನ್ಯವಾಗಿ ಮೂರು ಅವಕಾಶ, ಮೂರರಲ್ಲೂ ಫೇಲಾದರೆ ಆ ಕೋರ್ಸನ್ನೇ ಬಿಡಬೇಕಾಗಬಹುದು. ಫಲಿತಾಂಶ ಬಂದ ಮೇಲೆ ನಿಮ್ಮ ಉತ್ತರಪತ್ರಿಕೆಯನ್ನು ನೀವೇ ನೋಡಲು ಒಂದು ದಿನ ಗೊತ್ತುಮಾಡುತ್ತಾರೆ. ನಮ್ಮ ಎಷ್ಟೋ ವಿದ್ಯಾರ್ಥಿಗಳು ಪಾಸಾದೆವಲ್ಲ ಎಂದು ಅದಕ್ಕೆ ಹೋಗುವುದೇ ಇಲ್ಲ. ಖಂಡಿತ ಹೋಗಿ. "ಈ ಹಂತ ಸರಿಯಿದೆ, ಅಂಕ ಯಾಕೆ ಕಳೆದಿದ್ದೀರಿ?" ಎಂದು ಕೇಳುವುದು ಅಲ್ಲಿ ಅಧಿಕಪ್ರಸಂಗವಲ್ಲ. ಸರಿಯಿದ್ದರೆ ಅಂಕ ಕೊಡುತ್ತಾರೆ, ಇಲ್ಲದಿದ್ದರೆ ಎಲ್ಲಿ ತಪ್ಪಿದ್ದೀರೆಂದು ತೋರಿಸುತ್ತಾರೆ.

ಕೆಲಸದ ಲೆಕ್ಕ ಸರಳ: 2024ರ ಮಾರ್ಚ್‌ನಲ್ಲಿ ಬದಲಾದ ಕಾನೂನಿನಂತೆ ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕಂಪನಿಗೆ ಸೇರಿದರೆ "ಆಗುತ್ತೆ ಸರ್" ಎಂಬ ನಮ್ಮ ಅಭ್ಯಾಸವೇ ತೊಡಕಾಗುತ್ತದೆ. ಶುಕ್ರವಾರಕ್ಕೆ ಆಗದಿದ್ದರೆ ಸೋಮವಾರವೇ ಹಾಗೆಂದು ಹೇಳಬೇಕು. ಒಪ್ಪಿಕೊಂಡು ಕೊನೆಗಳಿಗೆಯಲ್ಲಿ ಕೈಕೊಟ್ಟವರನ್ನು ಅಲ್ಲಿ ನಂಬುವುದು ಕಷ್ಟ.

ಇಷ್ಟರ ನಡುವೆ ಮನಸ್ಸು ಕುಸಿಯುವ ಕಾಲವೂ ಬರುತ್ತದೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗೋರ್, ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋಗಿದ್ದ ಸುಮಾರು 200 ನಾರ್ವೆಯನ್ನರನ್ನು ಅಧ್ಯಯನ ಮಾಡಿ 1955ರಲ್ಲಿ ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳು ದಾಟಿದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರೇ ಸೊರಗಿದ್ದರು. ಎಲ್ಲರ ಅನುಭವವೂ ಈ ಗೆರೆಯಲ್ಲೇ ಸಾಗುವುದಿಲ್ಲ. ಜರ್ಮನಿಯಲ್ಲಿ ಈ ಕುಸಿತ ಬೇಗ ಬರಬಹುದು ಅನ್ನಿಸುತ್ತದೆ. ಪಾಠ ಹೆಚ್ಚಾಗಿ ಶುರುವಾಗುವುದು ಅಕ್ಟೋಬರ್‌ನಲ್ಲಿ, ಡಿಸೆಂಬರ್ ಹೊತ್ತಿಗೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಆಗ ಕನ್ನಡದವರ ಜೊತೆ ಕೂತು ಉಪ್ಪಿಟ್ಟು ತಿನ್ನುವುದು ಔಷಧಿಯೇ. ಆದರೆ ವಾರವಿಡೀ ಅದೇ ಗುಂಪಾದರೆ ಇಂಗ್ಲಿಷಿನ ಕೋರ್ಸು, ಕನ್ನಡದ ಮನೆ, ನಡುವೆ ಜರ್ಮನಿ ಇಲ್ಲವೇ ಇಲ್ಲ. ವಾರಕ್ಕೊಂದು ಸಂಜೆಯಾದರೂ ಜರ್ಮನ್ನರ ಜೊತೆ ಕಳೆಯಿರಿ. ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗದಲ್ಲಿ ಬ್ಯಾಡ್ಮಿಂಟನ್‌, ಈಜು, ನೃತ್ಯದ ತರಗತಿಗಳು ಅಗ್ಗ. ಊರೂರಿನಲ್ಲೂ ಚೆಸ್, ಹಾಡು, ತೋಟಗಾರಿಕೆಯ ಸಂಘಗಳಿವೆ.

ಹೋದ ನಾಡಿನವರ ಜೊತೆ ಬೆರೆಯುವುದಕ್ಕೆ, ಜರ್ಮನಿಯಿಂದ ಇಲ್ಲಿಗೆ ಬಂದ ಕಿಟ್ಟೆಲ್ ದೊಡ್ಡ ಉದಾಹರಣೆ. 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಬಾಸೆಲ್ ಮಿಷನ್ ಪರವಾಗಿ ಬಂದವರು ಕನ್ನಡವನ್ನೇ ಬದುಕಾಗಿಸಿಕೊಂಡರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಮಗೆ ಅಷ್ಟು ಬೇಕಿಲ್ಲ, ಸಂಘದ ಸಂಜೆಯಲ್ಲಿ ಬಾಯಿಬಿಡುವಷ್ಟು ಭಾಷೆ ಸಾಕು. ಅದನ್ನು ಇಲ್ಲಿಯೇ ಶುರುಮಾಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯನ್ನು ಎ1 ಎಂಬ ಆರಂಭದ ಹಂತದಿಂದ ಕಲಿಸುತ್ತಾರೆ. ಹೊರಡುವ ಮೊದಲು ಅದರ ಮುಂದಿನ ಎ2 ಮುಗಿಸಿಕೊಂಡರೆ ವೇಗೇಯ ಮಾತುಕತೆಗೇ ಅದು ಉಪಯೋಗಕ್ಕೆ ಬರುತ್ತದೆ. ಅನ್ನ, ಸಾರು, ಒಂದು ಪಲ್ಯ ಮಾಡುವುದನ್ನೂ ಅಮ್ಮನ ಹತ್ತಿರ ಕಲಿತುಕೊಳ್ಳಿ. ಒಲೆ ಒರೆಸುವುದನ್ನೂ ಸೇರಿಸಿ.