ಮೂರು ಚುನಾವಣೆಗಳ ಕಾರ್ತಿಕ

ಪಾಡ್ಯದ ಪಟಾಕಿ ಕಾಗದ ರಸ್ತೆ ಬದಿಯಲ್ಲಿ ಇನ್ನೂ ಬಿದ್ದಿರುವಾಗಲೇ ಪುಣೆ ಪಕ್ಕದ ನಿಗಡಿ ಪ್ರಾಧಿಕರಣದ ಓಣಿಗಳಿಗೆ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯ ಪ್ರಚಾರದ ರಿಕ್ಷಾಗಳು ನುಗ್ಗಿದ್ದವು. 2024ರ ನವೆಂಬರ್ ಮೊದಲ ವಾರ. ಒಂದು ರಿಕ್ಷಾದ ನೆತ್ತಿಯ ಮೇಲೆ ಗಡಿಯಾರ, ಅದರ ಬೆನ್ನಿಗೇ ಬರುವ ಇನ್ನೊಂದರ ಮೇಲೆ ತುತಾರಿ ಊದುವ ಮನುಷ್ಯ. ಅದಕ್ಕೆ ಎರಡು ವರ್ಷದ ಹಿಂದೆ ಇವೆರಡೂ ಒಂದೇ ಪಕ್ಷ. ಆ ಸಲ ಪಿಂಪ್ರಿ ಕ್ಷೇತ್ರದಲ್ಲಿ ಎದುರುಬದುರು. ಭೋಂಗಾದೊಳಗಿಂದ ಒಬ್ಬರು ಲಾಡಕಿ ಬಹೀಣ್‌ ಯೋಜನೆಯಡಿ ಮಹಿಳೆಯರಿಗೆ ತಿಂಗಳಿಗೆ ಸಿಗುತ್ತಿದ್ದ 1,500 ರೂಪಾಯಿಯನ್ನು 2,100 ಮಾಡುತ್ತೇವೆ ಅಂದರೆ, ಇನ್ನೊಬ್ಬರು 3,000 ಕೊಡುತ್ತೇವೆ ಅನ್ನುತ್ತಿದ್ದರು. ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿ ಮಹಾರಾಜರೂ ತುಕಾರಾಮರೂ ಎದುರಾಗಿ ನಿಂತ ಶಿಲ್ಪದ ಹತ್ತಿರ ಸಂಜೆಯಾದರೆ ಹಲಗಿ ಸದ್ದು, ಕೊರಳಿಗೆ ಉಪರಣೆ ಹಾಕಿದ ಹುಡುಗರ ಹಿಂಡು. ಮುಂಬಯಿ ಕಡೆಯ ಲಾರಿಗಳು ಹಾರ್ನ್ ಹೊಡೆದೂ ಹೊಡೆದೂ ಸೋತು ಸುಮ್ಮನಾಗುತ್ತಿದ್ದವು.

ಹೊರಗೆ ಇದು. ಒಳಗೆ ಟಿವಿಯಲ್ಲಿ ಕನ್ನಡ ಚಾನೆಲ್ ಹಾಕಿದರೆ ಚನ್ನಪಟ್ಟಣ, ಸಂಡೂರು, ಶಿಗ್ಗಾವಿ. 13ಕ್ಕೆ ಅಲ್ಲಿ ಉಪಚುನಾವಣೆ. ನನ್ನ ತವರು ಧಾರವಾಡವಾದ್ದರಿಂದ ಶಿಗ್ಗಾವಿಯ ಸುದ್ದಿ ಬಂದರೆ ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಮೊಬೈಲ್ ತೆಗೆದರೆ ಮೂರನೆಯದು, ಎಲ್ಲಕ್ಕಿಂತ ದೊಡ್ಡದು: 5ಕ್ಕೆ ಅಮೆರಿಕದ ಅಧ್ಯಕ್ಷರ ಚುನಾವಣೆ. ಮಗಳು, ಅಳಿಯ ಇರುವುದು ಪಿಟ್ಸ್‌ಬರ್ಗ್‌ ಹತ್ತಿರ. ಅದು ಪೆನ್ಸಿಲ್ವೇನಿಯಾ, 19 ಎಲೆಕ್ಟೊರಲ್ ಮತಗಳಿರುವ ಈ ರಾಜ್ಯ ಯಾರ ಕೈಗೆ ಬರುತ್ತದೋ ಅವರೇ ಅಧ್ಯಕ್ಷರು ಎಂಬ ಮಾತು ಎಲ್ಲ ಕಡೆ. ಟ್ರಂಪ್ ಅಕ್ಟೋಬರ್ 20ರಂದು ಮೆಕ್‌ಡೊನಾಲ್ಡ್ಸ್‌ನಲ್ಲಿ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಫ್ರೈ ತುಂಬಿಸಿದ್ದು ಅದೇ ರಾಜ್ಯದಲ್ಲಿ. ಮತದಾನದ ಮುನ್ನಾದಿನ ಟ್ರಂಪ್, ಹ್ಯಾರಿಸ್ ಇಬ್ಬರೂ ಪಿಟ್ಸ್‌ಬರ್ಗ್‌ಗೇ ಬಂದು ಸಭೆ ಮಾಡಿದರು.

ಆ ದಿನಗಳಲ್ಲಿ ಮಗಳು ವಿಡಿಯೋ ಕಾಲ್‌ನಲ್ಲಿ ಅಂಚೆಡಬ್ಬಿಗೆ ಬಂದ ಕಾಗದಗಳನ್ನು ತೋರಿಸುತ್ತಿದ್ದಳು. ನುಣುಪಾದ ದಪ್ಪ ಹಾಳೆ, ನಮ್ಮಲ್ಲಿ ಮದುವೆ ಪತ್ರಿಕೆಗೆ ಬಳಸುತ್ತಾರಲ್ಲ, ಅಂಥದ್ದು. ಒಂದರಲ್ಲಿ ಹ್ಯಾರಿಸ್ ದೇಶ ಹಾಳು ಮಾಡುತ್ತಾರೆ ಅಂತ, ಇನ್ನೊಂದರಲ್ಲಿ ಟ್ರಂಪ್ ಹಾಳು ಮಾಡುತ್ತಾರೆ ಅಂತ. ಅಡುಗೆಮನೆ ಕಟ್ಟೆಯ ಮೇಲೆ ಗೇಣುದ್ದದ ಅಟ್ಟಿ. “ಬಾಗಿಲಿಗೂ ಬರ್ತಾರಮ್ಮ. ನಿನ್ನೆ ಒಬ್ಬಳು ಹುಡುಗಿ ಬಂದಿದ್ದಳು, ಪಾಪ, ಚಳಿಯೊಳಗ. ನನಗ ಇಲ್ಲಿ ಓಟಿಲ್ಲ ಅಂದೆ. ಸಾರಿ ಅಂದು ಪಕ್ಕದ ಮನೆಗೆ ಹೋದಳು.” ಅಲ್ಲಿ ತೆರಿಗೆ ಕಟ್ಟುತ್ತಾರೆ, ಮನೆಯ ಸಾಲದ ಕಂತು ಕಟ್ಟುತ್ತಾರೆ. ಎಚ್-1ಬಿ ವೀಸಾ ಮುಂದೇನು, ಗ್ರೀನ್ ಕಾರ್ಡ್ ಸರದಿ ಎಂದಿಗೆ, ಎಲ್ಲ ಆ ಚುನಾವಣೆಗೇ ತಗಲಿಕೊಂಡಿತ್ತು. ಒಂದು ದೇಶದವರಿಗೆ ನೂರಕ್ಕೆ ಏಳಕ್ಕಿಂತ ಹೆಚ್ಚು ಕೊಡಬಾರದೆಂಬ ಅವರ ನಿಯಮದಿಂದ ಭಾರತೀಯರ ಸರದಿ ದಶಕಗಟ್ಟಲೆ ಬೆಳೆದಿದೆ. ಆದರೆ ಓಟು ಮಾತ್ರ ಆ ಮನೆಯಲ್ಲಿ ಯಾರಿಗೂ ಇಲ್ಲ. ಇಲ್ಲಿದೆಯೇ? ನಮೂನೆ 6ಎ ತುಂಬಿದರೆ ಅನಿವಾಸಿ ಮತದಾರಳಾಗಬಹುದು. ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ನಿಗಡಿಯ ಬೂತಿಗೇ ಬರಬೇಕು.

ನವೆಂಬರ್ 6ರ ಬೆಳಿಗ್ಗೆ ಎಣಿಕೆ ನೋಡುತ್ತ ಕೂತೆ. ಮಧ್ಯಾಹ್ನ ಊಟದ ಹೊತ್ತಿಗೆ ಪೆನ್ಸಿಲ್ವೇನಿಯಾ ಟ್ರಂಪ್ ಪಾಲಾಯಿತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ ಮಿಷಿಗನ್‌ನಿಂದ ಮತ್ತೆ ಸಂಸದರಾದರು ಎಂಬ ಸುದ್ದಿ ಬಂದಾಗ ಸಂತೋಷವಾಯಿತು. ಅಲ್ಲಿಗೆ ಹೋದವರು ಅಲ್ಲಿಯವರಾಗಲು ದಾರಿ ಇದೆ. ಆ ದಾರಿ ಬಲು ಉದ್ದ, ಅಷ್ಟೇ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ಓಣಿಯ ಕಡೆಯಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಮುಂದೆ ಕಂಡ ದೃಶ್ಯ. ಅಲ್ಲಿ ಗೌಂಡಿಗಳು, ಕಲ್ಲು-ಮಣ್ಣು ಹೊರುವವರು ಬಹುಪಾಲು ವಿಜಯಪುರ, ಯಾದಗಿರಿ ಕಡೆಯವರು. ತಗಡಿನ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆ, ಜೋಳದ ರೊಟ್ಟಿ ಬಡಿಯುವ ಸದ್ದು. ಪದಯಾತ್ರೆ ಬಂತು. ಮುಂದೆ ಹೂಹಾರದ ಉಮೇದುವಾರ, ಹಿಂದೆ ಮತದಾರರ ಯಾದಿ ಹಿಡಿದ ಹುಡುಗ. ಹುಡುಗ ಒಲೆಯ ಮುಂದಿದ್ದ ಹೆಣ್ಣುಮಗಳಿಗೆ ಮರಾಠಿಯಲ್ಲಿ, ಯಾದಿಯಲ್ಲಿ ಹೆಸರು ಎಲ್ಲಿದೆ ಎಂದು ಕೇಳಿದ. ಆಕೆ “ಗಾಂವಾಲಾ”, ಊರಲ್ಲಿ, ಅಂದಳು. ಉಮೇದುವಾರ ಜೋಡಿಸಿದ್ದ ಕೈ ಅಷ್ಟರಲ್ಲೇ ಮುಂದಿನ ಗೇಟಿನ ಕಡೆ ತಿರುಗಿತ್ತು.

ನಾನು ಕನ್ನಡದಲ್ಲಿ ಮಾತಾಡಿಸಿದೆ. ಸಿಂದಗಿ ಹತ್ತಿರದ ಹಳ್ಳಿಯವಳು. “ನಮ್ಮ ಓಟು ಊರಾಗೈತ್ರೀ ಅಕ್ಕಾರ.” ಮೇ 7ರಂದು ಲೋಕಸಭೆಗೆ ಹಾಕಲು ಹೋಗಿದ್ದೆಯೇನವ್ವ ಅಂದೆ. “ಎಲ್ಲೀದ್ರೀ! ಹೋಗಿ ಬರೂದ್ರಾಗ ಮೂರು ದಿನದ ಪಗಾರ ಹೋಕ್ಕೈತಿ, ಮ್ಯಾಲೆ ಬಸ್ಸಿನ ರೊಕ್ಕ. ನಾಕ್ ಮಂದಿ ಅದೀವ್ರೀ.” ಗೃಹಲಕ್ಷ್ಮಿಯ 2,000 ಊರಲ್ಲಿ ಅತ್ತೆಯ ಖಾತೆಗೆ ಬರುತ್ತದೆ, ಲಾಡಕಿ ಬಹೀಣ್‌ ಈಕೆಗಿಲ್ಲ. ರೊಟ್ಟಿಯನ್ನು ಹಂಚಿನ ಮೇಲಿಂದ ತೆಗೆದು ಕೆಂಡಕ್ಕೆ ಒರಗಿಸಿದಳು. ಮಾತು ಅಲ್ಲಿಗೆ ನಿಂತಿತು.

ಪಿಟ್ಸ್‌ಬರ್ಗ್‌ನ ಬಾಗಿಲು, ನಿಗಡಿಯ ಶೆಡ್ಡು: ಎರಡೂ ಕಡೆ ಕೇಳಿದವರು ಕೇಳಿ ಮುಂದೆ ಹೋದರು. ಆದರೆ ಎರಡೂ ಒಂದೇ ಎಂದು ನಾನು ಹೇಳಲಾರೆ. ನನ್ನ ಮಗಳು ಇರುವುದು ಪರದೇಶದಲ್ಲಿ. ಸಿಂದಗಿಯ ಹೆಣ್ಣುಮಗಳು ಇರುವುದು ತನ್ನದೇ ದೇಶದಲ್ಲಿ, ಊರಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ. ಆಕೆಯ ಓಟು ಕಳೆದುಹೋಗುವುದು ದೊಡ್ಡ ಅನ್ಯಾಯ.

ಇದಕ್ಕೆ ಉಪಾಯವಿಲ್ಲ ಎನ್ನುವಂತಿಲ್ಲ. ದೂರದ ಊರಲ್ಲಿದ್ದುಕೊಂಡೇ ತಮ್ಮ ಕ್ಷೇತ್ರಕ್ಕೆ ಓಟು ಹಾಕಬಹುದಾದ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲೇ ಪ್ರಕಟಿಸಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳು. 2023ರ ಜನವರಿ 16ರಂದು ಪಕ್ಷಗಳನ್ನು ಕರೆಯಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗರೆಂದರೆ ಯಾರು, ನಿಗಡಿಯ ಬೂತಿನಲ್ಲಿ ಸಿಂದಗಿಯ ಪಕ್ಷಗಳ ಏಜೆಂಟರು ಕೂರುವುದು ಹೇಗೆ ಎಂಬ ಪ್ರಶ್ನೆಗಳಿದ್ದವು. ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರ ಹುಡುಕುವುದನ್ನು ಬಿಟ್ಟು ಎಲ್ಲರೂ ಮರೆತು ಕೂತರು.

ನವೆಂಬರ್ 18ರ ಸಂಜೆ ಭೋಂಗಾಗಳು ನಿಂತವು. 20ರಂದು ನಾನು ಹೋಗಿ ಹಾಕಿ ಬಂದೆ. ನಮ್ಮ ಪಿಂಪ್ರಿ ಕ್ಷೇತ್ರದಲ್ಲಿ ಹಾಕಿದವರು ಹೆಚ್ಚುಕಡಿಮೆ ಅರ್ಧದಷ್ಟೇ ಮಂದಿ. ಓಟಿದ್ದೂ ಮನೆಯಲ್ಲಿ ಕೂತವರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಹಾಕಲು ಮನಸ್ಸಿದ್ದೂ ಪಗಾರ ಬಿಟ್ಟು ಹೋಗಲಾರದವರಿಗಾಗಿ ಆ ಯಂತ್ರದ ಮಾತನ್ನು ಕರ್ನಾಟಕದ ಪಕ್ಷಗಳಾದರೂ ಮತ್ತೆ ಎತ್ತಬೇಕು. ಬಿಟ್ಟುಹೋಗುತ್ತಿರುವ ಓಟುಗಳು ಅವರ ಊರಿನವೇ.