ಸೈರಣೆ ಅಂದರೆ ಬಾಯಿ ಕಟ್ಟಿಕೊಳ್ಳುವುದೇ?

ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಸಾಕು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಅಣ್ಣತಮ್ಮಂದಿರ ನಡುವೆ ವರ್ಷಗಟ್ಟಲೆ ಮಾತು ನಿಂತುಬಿಡುತ್ತದೆ. ಚರ್ಚಿಗೆ ಹೋಗುವ ಮನೆಗಳೂ ಇದಕ್ಕೆ ಹೊರತಲ್ಲ. ಭಾನುವಾರ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಒಂದೇ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುತ್ತಾರೆ, ಹೊರಗೆ ಬಂದು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಯೇಸು ಕಲಿಸಿದ ಸೈರಣೆಯನ್ನು ನಾವು ಸರಿಯಾಗಿ ತಿಳಿದುಕೊಂಡಿಲ್ಲದಿರುವುದೂ ಇದಕ್ಕೆ ಒಂದು ಕಾರಣ ಎಂದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಇನ್ನೊಂದು ಕೆನ್ನೆ ತೋರಿಸು ಅಂದರೆ ಸುಮ್ಮನೆ ಹೊಡೆಸಿಕೋ ಎಂದರ್ಥ.

ವಾಸ್ತವ: ಮತ್ತಾಯನ ಸುವಾರ್ತೆ ಬಲಗೆನ್ನೆ ಎಂದು ಬಿಡಿಸಿ ಹೇಳುತ್ತದೆ. ಎದುರಿಗೆ ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯುವವನು ಕೈಯ ಹಿಂಬದಿಯಿಂದಲೇ ಹೊಡೆಯಬೇಕು. ಅದರಲ್ಲಿ ನೋವಿಗಿಂತ ಹೀಯಾಳಿಕೆ ಹೆಚ್ಚು. ಅಂಥವನ ಮುಂದೆ ಓಡದೆ, ತಿರುಗಿ ಹೊಡೆಯದೆ, ತಲೆ ಎತ್ತಿ ನಿಲ್ಲುವುದು ಹೇಡಿಗೆ ಆಗುವ ಕೆಲಸವಲ್ಲ. ಯೇಸುವೇ ಏಟು ತಿಂದಾಗ ಏನು ಮಾಡಿದ ಎಂಬುದು ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ವಿಚಾರಣೆಯ ನಡುವೆ ಕಾವಲಿನವನೊಬ್ಬ ಹೊಡೆಯುತ್ತಾನೆ. ಯೇಸು ಬೈಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ನೇರವಾಗಿ ಕೇಳಿದ.

ತಪ್ಪು ಕಲ್ಪನೆ: ವಿಶ್ವಾಸಿಗೆ ಸಿಟ್ಟೇ ಬರಬಾರದು.

ವಾಸ್ತವ: ಮಾರ್ಕನ 3ನೇ ಅಧ್ಯಾಯದಲ್ಲಿ ಯೇಸುವಿಗೆ ಸಿಟ್ಟು ಬಂದಿದೆ. ಆ ಸಿಟ್ಟಿನಲ್ಲೇ ಅವನು ಮಾಡಿದ್ದು ಕೈ ಬತ್ತಿಹೋದವನೊಬ್ಬನನ್ನು ಗುಣಪಡಿಸುವ ಕೆಲಸ. ಸಿಟ್ಟಿಗೆ ಪೌಲ ಹಾಕಿದ ಗಡುವು ಸಂಜೆಯವರೆಗೆ ಮಾತ್ರ.

ತಪ್ಪು ಕಲ್ಪನೆ: ಕ್ಷಮಿಸಿದ ಮೇಲೆ ನ್ಯಾಯ ಕೇಳಬಾರದು.

ವಾಸ್ತವ: 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಎಂದರು, ಬಾರಿಪದದಲ್ಲೇ ಉಳಿದು ಆ ಸೇವೆ ಮುಂದುವರಿಸಿದರು. ಕಾನೂನು ತನ್ನ ದಾರಿಯಲ್ಲಿ ನಡೆಯಿತು, ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು. ಕ್ಷಮೆ, ನ್ಯಾಯ ಎರಡನ್ನೂ ಬೆರೆಸಬಾರದೆಂಬ ತಿಳಿವು ಗ್ಲಾಡಿಸ್ ಅವರಿಗಿತ್ತು. ಪೌಲನೂ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಏಟು ತಿಂದು ಸೆರೆ ಸೇರಿದ್ದ. ಗುಟ್ಟಾಗಿ ಬಿಡುಗಡೆ ಮಾಡಲು ಬಂದಾಗ ಅವನು ಒಪ್ಪಲಿಲ್ಲ, ಅಧಿಕಾರಿಗಳೇ ಬಂದು ಕರೆದೊಯ್ಯಲಿ ಎಂದು ಪಟ್ಟು ಹಿಡಿದ.

ತಪ್ಪು ಕಲ್ಪನೆ: ಇದೆಲ್ಲ ಪಾದ್ರಿಗಳು ತಂದ ಮಾತು, ಈ ನೆಲದ್ದಲ್ಲ.

ವಾಸ್ತವ: ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಗೆ ಹೋಗಿ ನೋಡಿ. ಅಲ್ಲಿ ಊರವರು ಅಕ್ಷರಗುಂಡು ಎನ್ನುವ ಬಂಡೆಯಿದೆ. ಅದರ ಮೇಲಿರುವುದು ಅಶೋಕನ ಶಾಸನವೆಂದು 1892ರಲ್ಲಿ ಲೋಕಕ್ಕೆ ತಿಳಿಸಿದವರು ಬಿ. ಎಲ್. ರೈಸ್, ಬೆಂಗಳೂರಿನಲ್ಲೇ ಹುಟ್ಟಿದ ಪಾದ್ರಿಯ ಮಗ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಬಂಧುಗಳೊಂದಿಗೆ ಸರಿಯಾಗಿ ನಡೆದುಕೊಳ್ಳಬೇಕು ಎಂದು ಆ ಕಲ್ಲು ಹೇಳುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಸಿಕ್ಕ ಅಶೋಕನ ಶಾಸನಗಳು ಇನ್ನೂ ಹತ್ತಿರ ಬರುತ್ತವೆ. ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯುವಾಗ ನಾಲಿಗೆಗೆ ಹಿಡಿತವಿರಲಿ ಎನ್ನುತ್ತದೆ ಒಂದು. ಅಧಿಕಾರಿಗಳು ಹೊಟ್ಟೆಕಿಚ್ಚು, ಮುಂಗೋಪ, ಆತುರಗಳನ್ನು ಬಿಡಬೇಕು ಎನ್ನುತ್ತದೆ ಇನ್ನೊಂದು. ಯೇಸು ಹುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲಿನ ಮಾತುಗಳಿವು. ಕ್ರೈಸ್ತನಾದವನು ಇವನ್ನು ಪರಕೀಯವೆಂದು ದೂರ ಇಡಬೇಕಾಗಿಲ್ಲ, ಸಂತೋಷದಿಂದ ಓದಬಹುದು. ವ್ಯತ್ಯಾಸವೂ ಉಂಟು: ಮುಂಗೋಪ, ಆತುರ ಬಿಡಿ ಎಂದು ಅಶೋಕ ಬುದ್ಧಿ ಹೇಳಿದ್ದು ಅಧಿಕಾರ ಇದ್ದವರಿಗೆ. ಯೇಸು ಅದೇ ತಾಳ್ಮೆಯನ್ನು ಕೇಳಿದ್ದು ಏಟು ತಿನ್ನುತ್ತಿದ್ದ ಬಡವರಿಂದ, ಮತ್ತು ತಾನೂ ಅವರ ಜೊತೆ ತಿಂದ.

ತಪ್ಪು ಕಲ್ಪನೆ: ನನ್ನನ್ನು ಬೈದರೆ ಸಹಿಸುತ್ತೇನೆ, ದೇವರಿಗೆ ಅವಮಾನವಾದರೆ ಸುಮ್ಮನಿರಲಾರೆ.

ವಾಸ್ತವ: ಸಮಾರ್ಯದ ಒಂದು ಹಳ್ಳಿ ಯೇಸುವಿಗೆ ಇಳಿದುಕೊಳ್ಳಲು ಜಾಗ ಕೊಡಲಿಲ್ಲ. ಯಾಕೋಬ, ಯೋಹಾನರು ಆಕಾಶದಿಂದ ಬೆಂಕಿ ಸುರಿಸೋಣವೇ ಎಂದರು. ಯೇಸು ಗದರಿಸಿದ್ದು ಹಳ್ಳಿಯವರನ್ನಲ್ಲ, ಈ ಇಬ್ಬರನ್ನು. ಆಮೇಲೆ ಎಲ್ಲರೂ ಮುಂದಿನ ಹಳ್ಳಿಗೆ ನಡೆದರು. ಅಕ್ಕಿಗೋಸ್ಕರ ಮತ ಬಿಟ್ಟವರು ಎಂಬ ಚುಚ್ಚುಮಾತು ನಮ್ಮ ಎಷ್ಟೋ ಜನರ ಕಿವಿಗೆ ಬಿದ್ದಿದೆ. ಅದು ನೋಯಿಸುತ್ತದೆ, ನೋಯಿಸುವುದಿಲ್ಲವೆಂದು ನಟಿಸಬೇಕಾಗಿಲ್ಲ. ಹಾಗೆಂದವರ ಮನೆಯಲ್ಲಿ ಸಾವಾದಾಗ ಹೋಗಿ ಹೆಗಲು ಕೊಡುವುದಕ್ಕೆ ಆ ನೋವು ಅಡ್ಡಿಯಾಗಬಾರದು, ಅಷ್ಟೇ.

ತಪ್ಪು ಕಲ್ಪನೆ: ಮನಸ್ಸಿಗೆ ಹಚ್ಚಿಕೊಳ್ಳದವನು ಯಾರಿಗೂ ಏನೂ ಹೇಳುವುದಿಲ್ಲ.

ವಾಸ್ತವ: ಮತ್ತಾಯನ 18ನೇ ಅಧ್ಯಾಯದ ಕ್ರಮ ಬೇರೆಯೇ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಮೇಲಷ್ಟೇ ಸಭೆಗೆ ತಿಳಿಸು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಚುಚ್ಚಿ ಬರೆದರೆ ಎಲ್ಲರ ಮುಂದೆ ಉತ್ತರ ಕೊಡುವುದು ಈ ಕ್ರಮದ ಮೂರನೆಯ ಹೆಜ್ಜೆ. ಅದಕ್ಕೂ ಮೊದಲು ಅವರಿಗೆ ಫೋನ್ ಮಾಡಿ, ಅಥವಾ ಸಂಜೆ ಅವರ ಮನೆಗೆ ಹೋಗಿ, 'ಅಣ್ಣಾ, ಆ ಮಾತು ನನಗೆ ನೋವಾಯ್ತು, ಯಾಕೆ ಹಾಗೆ ಬರೆದಿರಿ?' ಎಂದು ಕೇಳಿ.