ಕಿತ್ತಳೆ ಕೊಯ್ಯಲು ಆಳಿಲ್ಲ, ಕೊಲ್ಲಲು ಜನ ಇದ್ದಾರೆ

ಶನಿವಾರ ರಾತ್ರಿಯ ಸಿನಿಮಾ ನಮ್ಮ ಮನೆಯಲ್ಲಿ ಹೆಂಡತಿಯ ಆಯ್ಕೆ. ಯುದ್ಧದ ಚಿತ್ರ ಅಂದಳು. ಟ್ಯಾಂಕು, ಬಾಂಬು, ಕೊನೆಗೊಂದು ಭಾಷಣ ಇರುತ್ತದೆಂದು ಅರೆಮನಸ್ಸಿನಿಂದ ಕುಳಿತೆ. ಪರದೆಯ ಮೇಲೆ ಬಂದದ್ದು ಹಲಗೆ ಕೊಯ್ದು ಹಣ್ಣಿನ ಪೆಟ್ಟಿಗೆ ಮಾಡುವ ಒಬ್ಬ ಮುದುಕ.

ಚಿತ್ರದ ಹೆಸರು ‘ಟ್ಯಾಂಜರೀನ್ಸ್’. ಜಾರ್ಜಿಯಾದ ಜಾಜಾ ಉರುಷಾಡ್ಜೆ 2013ರಲ್ಲಿ ಮಾಡಿದ್ದು. ಎಸ್ಟೋನಿಯಾದ ಪರವಾಗಿ ಆಸ್ಕರ್‌ನ ಕೊನೆಯ ಐದರ ಪಟ್ಟಿಗೂ ಹೋಗಿತ್ತು. ಕಥೆ ನಡೆಯುವುದು 1992ರಲ್ಲಿ, ಕಪ್ಪು ಸಮುದ್ರದ ದಂಡೆಯ ಅಬ್ಖಾಜಿಯಾದಲ್ಲಿ. ಜಾರ್ಜಿಯಾದಿಂದ ಬೇರೆಯಾಗಲು ಅದು ನಡೆಸಿದ ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಬೇಕಾಯಿತು. ಅಲ್ಲಿ 19ನೇ ಶತಮಾನದಲ್ಲೇ ವಲಸೆ ಬಂದ ಎಸ್ಟೋನಿಯನ್ನರ ಹಳ್ಳಿಗಳಿದ್ದವು. ಯುದ್ಧ ಶುರುವಾದ ಮೇಲೆ ಊರವರೆಲ್ಲ ಎಸ್ಟೋನಿಯಾಕ್ಕೆ ಹೊರಟುಹೋಗಿದ್ದಾರೆ. ಪೆಟ್ಟಿಗೆ ಮಾಡುವ ಇವೊ ಮತ್ತು ಪಕ್ಕದ ತೋಟದ ಮಾರ್ಗುಸ್ ಮಾತ್ರ ಉಳಿದಿದ್ದಾರೆ. ಮಾರ್ಗುಸ್‌ಗೆ ಫಸಲು ಕೊಯ್ಯದೆ ಹೋಗಲು ಮನಸ್ಸಿಲ್ಲ. ಗಿಡದಲ್ಲಿ ಹಣ್ಣು ತೂಗುತ್ತಿದೆ, ಆಳು ಸಿಗುವುದಿಲ್ಲ. ಶಿರಸಿಯಲ್ಲಿ ಕೊನೆಗೌಡನಿಗಾಗಿ ಕಾಯುವ ನನ್ನಪ್ಪನ ಮುಖ ನೆನಪಾಯಿತು.

ಅವರ ಮನೆಯೆದುರೇ ಗುಂಡಿನ ಚಕಮಕಿಯಾಗುತ್ತದೆ. ಬದುಕುಳಿದವರು ಇಬ್ಬರು. ಅಬ್ಖಾಜಿಯಾದ ಪರ ಕೂಲಿಗೆ ಕಾದಾಡಲು ಬಂದ ಚೆಚೆನ್ ಅಹಮದ್ ಒಬ್ಬ, ಜಾರ್ಜಿಯಾದ ಸೈನಿಕ ನಿಕೊ ಇನ್ನೊಬ್ಬ. ಇವೊ ಇಬ್ಬರನ್ನೂ ತನ್ನ ಮನೆಗೇ ಎತ್ತಿ ತಂದು ಎರಡು ಕೋಣೆಗಳಲ್ಲಿ ಮಲಗಿಸುತ್ತಾನೆ. ಗೆಳೆಯನನ್ನು ಕಳೆದುಕೊಂಡ ಅಹಮದ್, ನಿಕೊನನ್ನು ಕೊಂದೇ ತೀರುವೆ ಎನ್ನುತ್ತಾನೆ. ನನ್ನ ಮನೆಯೊಳಗೆ ಕೂಡದು ಎನ್ನುತ್ತಾನೆ ಇವೊ. ಅಹಮದ್ ಮಾತು ಕೊಡುತ್ತಾನೆ, ಮನೆಯೊಳಗೆ ಮಾತ್ರ! ಚಿತ್ರದ ಅರ್ಧ ಭಾಗ ನಿಂತಿರುವುದು ಆ ಹೊಸ್ತಿಲ ಮೇಲೆ. ಒಂದೇ ಮೇಜಿನ ಎರಡು ಬದಿ ಕುಳಿತು ಚಹಾ ಕುಡಿಯುತ್ತ ಇಬ್ಬರೂ ಬೈದಾಡಿಕೊಳ್ಳುತ್ತಾರೆ. ಇವೊ ಬುದ್ಧಿ ಹೇಳುವುದು ಕಡಿಮೆ. ಊಟ ಬಡಿಸುತ್ತಾನೆ, ಗದರುತ್ತಾನೆ. ಕೊಲ್ಲುವ ಹಕ್ಕು ನಿನಗೆ ಕೊಟ್ಟವರಾರು ಎಂದು ಕೇಳಿದಾಗ ಅಹಮದ್‌ನ ಬಳಿ ಇರುವ ಉತ್ತರ ‘ಯುದ್ಧ’ ಎಂಬುದೊಂದೇ.

ನಡುವೆ ನಗುವೂ ಇದೆ. ಸಾಕ್ಷ್ಯ ಉಳಿಯಬಾರದೆಂದು ಸೈನಿಕರ ವ್ಯಾನನ್ನು ಇಳಿಜಾರಿಗೆ ತಳ್ಳುತ್ತಾರೆ. ಅದು ಸುಮ್ಮನೆ ಉರುಳಿ ನಿಲ್ಲುತ್ತದೆ. ಸಿನಿಮಾದಲ್ಲಾದರೆ ಸ್ಫೋಟವಾಗುತ್ತದಲ್ಲ ಎಂದು ಒಬ್ಬನಿಗೆ ನಿರಾಸೆ, ಸಿನಿಮಾ ಎಲ್ಲ ಮೋಸ ಎಂದು ಇನ್ನೊಬ್ಬನ ಸಮಾಧಾನ.

ನನ್ನದೊಂದು ತಕರಾರಿದೆ. ಇಡೀ ಚಿತ್ರದಲ್ಲಿ ಹೆಣ್ಣೆಂದರೆ ಇವೊನ ಮೊಮ್ಮಗಳ ಫೋಟೊ ಮಾತ್ರ. ಯುದ್ಧದಲ್ಲಿ ಮನೆ ಕಾಯ್ದವರು, ಕಳೆದುಕೊಂಡವರು ಗಂಡಸರಷ್ಟೇ ಅಲ್ಲವಲ್ಲ.

ನನ್ನನ್ನು ಕಾಡಿದ್ದು ಬೇರೆಯೇ ಒಂದು ದೃಶ್ಯ. ಅಬ್ಖಾಜಿಯಾದ ಸೈನಿಕರು ಮನೆಗೆ ಬಂದಾಗ ನಿಕೊ ಬಾಯಿ ತೆರೆದರೆ ಸತ್ತ. ತಲೆಗೆ ಪೆಟ್ಟಾಗಿ ಮಾತು ನಿಂತಿದೆ ಎಂಬ ಸುಳ್ಳೇ ಅವನನ್ನು ಕಾಯಬೇಕು. ಅವನನ್ನು ಕೊಲ್ಲಲು ಕಾದಿರುವ ಅಹಮದ್ ಅಲ್ಲೇ ಇದ್ದಾನೆ. ಅವನೇನು ಮಾಡಿದ ಎಂಬುದನ್ನು ನೀವೇ ನೋಡಿ.

2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಗೆ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದಾಗ ನಾನು ಚೆನ್ನೈನಲ್ಲಿದ್ದೆ, ಮೊದಲ ಕೆಲಸ. ಮನೆ ಓನರ್ ಅಮ್ಮ ಬಾಗಿಲು ತಟ್ಟಿ ಒಂದು ಡಬ್ಬಿ ಇಡ್ಲಿ ಕೊಟ್ಟು, ‘ನಾಲ್ಕು ದಿನ ರಸ್ತೆಯಲ್ಲಿ ಫೋನ್ ಎತ್ತಬೇಡಪ್ಪ, ಯಾರಾದರೂ ಕೇಳಿದರೆ ನಾನು ಮಾತಾಡುತ್ತೇನೆ’ ಎಂದು ತಮಿಳಿನಲ್ಲಿ ಹೇಳಿ ಹೋದರು. ಯಾರೂ ಕೇಳಲಿಲ್ಲ, ನನಗೇನೂ ಆಗಲಿಲ್ಲ. ಯುದ್ಧದೆದುರು ಅದೊಂದು ಲೆಕ್ಕವೂ ಅಲ್ಲ. ಆದರೆ ಬಸ್ಸುಗಳು ಉರಿಯುವುದನ್ನು ಟೀವಿಯಲ್ಲಿ ಆಕೆಯೂ ನೋಡಿದ್ದರು.

ಪುಣೆಗೆ ಬಂದ ಮೇಲೆ ಅವರಿಗೆ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಚಿತ್ರ ಮುಗಿದಾಗ ರಾತ್ರಿ ಹನ್ನೊಂದೂವರೆ. ನಂಬರ್ ಹುಡುಕಿಟ್ಟುಕೊಂಡು, ಬೆಳಗಾಗಲಿ ಎಂದು ಕಾದೆ.